ಚಿತ್ರದೊಳ್ ಮಿಕ್ಕಂ: ‘ಮಿಗು’ ಧಾತುವಿನ ಅರ್ಥ ಮತ್ತು ಪ್ರಯೋಗ

ಒಬ್ಬ ಕಲಾವಿದನು ಉಳಿದವರನ್ನು ಮೀರಿಸಿದನೆಂದು ಹೇಳಲು ಹಳಗನ್ನಡದಲ್ಲಿ ಒಂದಲ್ಲ, ಹಲವು ಕ್ರಿಯಾಪದಗಳಿವೆ. ಗೆಲ್, ಮೀಱು, ಏೞಿಸು, ಮಿಗು ಇವು ಅವುಗಳಲ್ಲಿ ಮುಖ್ಯವಾದವು. ಇಂದಿನ ಗದ್ಯಾನುವಾದಗಳಲ್ಲಿ ಈ ನಾಲ್ಕಕ್ಕೂ ಸಾಮಾನ್ಯವಾಗಿ ‘ಮೀರಿಸಿದನು’ ಎಂಬ ಒಂದೇ ಅರ್ಥವನ್ನು ಬರೆದು ಮುಂದೆ ಸಾಗುವುದುಂಟು. ಕಾವ್ಯದ ರಸಾಸ್ವಾದಕ್ಕೆ ಅಷ್ಟು ಸಾಕಾಗಬಹುದು. ಆದರೆ ಚಿತ್ರಕಲೆಯ ಚರಿತ್ರೆಯನ್ನು ಕಟ್ಟುವವರಿಗೆ ಅಷ್ಟು ಸಾಲದು. ಕರ್ನಾಟಕದ ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಬಿರುದನ್ನೂ ಬಿಟ್ಟುಹೋಗಿದ್ದಾರೆ. ಚಿತ್ರಕಾರರಿಗೆ ಆ ಭಾಗ್ಯ ದೊರೆತದ್ದು ಬಹಳ ಕಡಿಮೆ. ಅವರ ವಿಷಯದಲ್ಲಿ ಕಾವ್ಯದ ಒಂದು ವಿಶೇಷಣ, ಒಂದು ಕ್ರಿಯಾಪದ ಇಂಥವೇ ನಮಗಿರುವ ಆಧಾರ. ಆಧಾರವೇ ಅಷ್ಟು ಕಿರಿದಾದಾಗ ಅದನ್ನು ಓದುವ ಎಚ್ಚರ ಹಿರಿದಾಗಬೇಕು. ಈ ನಾಲ್ಕರಲ್ಲಿ ಬಹಳ ಸುಲಭವೆಂದು ತೋರುವ, ಆದರೆ ಬಹಳ ಎಚ್ಚರವನ್ನು ಬೇಡುವ ‘ಮಿಗು’ ಧಾತುವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ರೂಪಗಳನ್ನು ನೋಡೋಣ. ನಗು ಎಂಬುದು ನಕ್ಕು ಎಂದೂ, ಪುಗು ಎಂಬುದು ಪೊಕ್ಕು ಎಂದೂ ಆಗುವಂತೆ ಮಿಗು ಎಂಬುದು ಭೂತಕಾಲದಲ್ಲಿ ಮಿಕ್ಕು ಎಂದಾಗುತ್ತದೆ. ಮಿಕ್ಕಂ, ಮಿಕ್ಕುದು, ಮಿಕ್ಕರ್ ಎಂಬ ಆಖ್ಯಾತಗಳೂ, ಮಿಕ್ಕ ಎಂಬ ಕೃದಂತವೂ, ಮಿಗೆ ಎಂಬ ಅವ್ಯಯಪ್ರಾಯವಾದ ರೂಪವೂ, ಮಿಗಿಲ್ ಎಂಬ ನಾಮಪದವೂ ಇದರಿಂದಲೇ ಹುಟ್ಟಿದವು. ಹೊಸಗನ್ನಡದ ಮಿಗಿಲು, ಮಿಗತೆ, ಮಿಕ್ಕಿ, ಮಿಕ್ಕಿದ ಎಂಬ ಪದಗಳೂ ಇದೇ ಕುಲದವು.

ಅರ್ಥದ ವಿಚಾರಕ್ಕೆ ಬಂದರೆ ಈ ಧಾತುವಿಗೆ ಎರಡು ಮುಖಗಳಿವೆ. ಒಂದು, ಅತಿಶಯವಾಗು, ಹೆಚ್ಚಾಗು, ಮೀರು. ಇನ್ನೊಂದು, ಉಳಿ, ಶೇಷವಾಗು. ಇಂದಿನ ಮಾತಿನಲ್ಲಿಯೂ ಈ ಎರಡೂ ಜೀವಂತವಾಗಿವೆ. ‘ಸಭೆಗೆ ನೂರಕ್ಕೂ ಮಿಕ್ಕಿ ಜನ ಬಂದಿದ್ದರು’ ಎಂದಾಗ ಮೀರುವಿಕೆ. ‘ಮಿಕ್ಕವರು ಮನೆಯಲ್ಲಿಯೇ ಉಳಿದರು’ ಎಂದಾಗ ಶೇಷ. ‘ತಾಯಿಗಿಂತ ಮಿಗಿಲಾದ ದೈವವಿಲ್ಲ’ ಎಂಬಲ್ಲಿ ಶ್ರೇಷ್ಠತೆ. ‘ಮಿಕ್ಕಿದ ಅನ್ನ’ ಎಂಬಲ್ಲಿ ಉಳಿಕೆ. ಸೋದರ ಭಾಷೆಗಳಲ್ಲಿಯೂ ಇದೇ ಕಥೆ. ತಮಿಳಿನ ‘ಮಿಕ’ ಎಂಬುದು ಬಹಳ ಎಂಬ ಅರ್ಥವನ್ನು ಕೊಟ್ಟರೆ ‘ಮಿಚ್ಚಂ’ ಎಂಬುದು ಉಳಿಕೆಯನ್ನು ಸೂಚಿಸುತ್ತದೆ. ತೆಲುಗಿನ ‘ಮಿಕ್ಕಿಲಿ’ ಬಹಳವೆಂಬ ಅರ್ಥದ್ದು, ‘ಮಿಗುಲು’ ಉಳಿಯುವ ಅರ್ಥದ್ದು. ಆದುದರಿಂದ ಈ ಎರಡು ಮುಖಗಳು ಕನ್ನಡದಲ್ಲಿ ಆಕಸ್ಮಿಕವಾಗಿ ಒಂದೆಡೆ ಸೇರಿದವುಗಳಲ್ಲ. ಇವು ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ಎರಡರ ಬೇರೂ ಒಂದೇ. ಒಂದು ಅಳತೆಯನ್ನು ತೆಗೆದ ಮೇಲೆ ಯಾವುದು ಇನ್ನೂ ಇರುತ್ತದೆಯೋ ಅದು ಮಿಕ್ಕದ್ದು. ಕೊಳಗದಲ್ಲಿ ಅಳೆದ ಮೇಲೆ ರಾಶಿಯಲ್ಲಿರುವುದು ಶೇಷವೂ ಹೌದು, ಕೊಳಗವನ್ನು ಮೀರಿದ್ದೂ ಹೌದು.

ಈಗ ಪ್ರಯೋಗ. ಹಳಗನ್ನಡದ ವಾಕ್ಯರಚನೆಯಲ್ಲಿ ಮಿಗು ಧಾತುವು ಮೂರು ಬಗೆಯ ಸಂಬಂಧಗಳನ್ನು ಇಟ್ಟುಕೊಳ್ಳುತ್ತದೆ. ಯಾವುದರಲ್ಲಿ ಅತಿಶಯನಾದನೆಂಬುದಕ್ಕೆ ಸಪ್ತಮಿ: ‘ಚಿತ್ರದೊಳ್ ಮಿಕ್ಕಂ’. ಯಾರನ್ನು ಮೀರಿದನೆಂಬುದಕ್ಕೆ ದ್ವಿತೀಯೆ: ‘ಚಿತ್ರಕರಂ ಮಿಕ್ಕಂ’. ನಾಮರೂಪವಾದ ಮಿಗಿಲ್ ಬಂದಾಗ ಹೋಲಿಕೆಯ ಅವಧಿಯನ್ನು ಹೇಳುವ ರೂಪ: ‘ಅವರಿಂದಂ ಮಿಗಿಲ್’. ಇವು ವಿವರಣೆಗಾಗಿ ಇಲ್ಲಿಯೇ ರಚಿಸಿಕೊಂಡ ವಾಕ್ಯಗಳು. ಯಾವ ಕಾವ್ಯದಿಂದಲೂ ಎತ್ತಿಕೊಂಡವಲ್ಲ. ಮೊದಲನೆಯದರಲ್ಲಿ ಸೋತವರಾರೂ ಇಲ್ಲ. ಅಲ್ಲಿರುವುದು ಒಬ್ಬನ ಸಿದ್ಧಿ ಮಾತ್ರ. ಎರಡನೆಯದರಲ್ಲಿ ಒಂದು ಸಮುದಾಯವಿದೆ, ಅದರ ಮುಂದೆ ಒಬ್ಬನು ನಿಂತಿದ್ದಾನೆ. ಮೂರನೆಯದು ತೂಕದ ಮಾತು. ಮೂರಕ್ಕೂ ‘ಮೀರಿಸಿದನು’ ಎಂದು ಬರೆದುಬಿಟ್ಟರೆ ಮೊದಲನೆಯ ವಾಕ್ಯದಲ್ಲಿ ಇಲ್ಲದ ಪ್ರತಿಸ್ಪರ್ಧಿಗಳನ್ನು ನಾವೇ ಸೃಷ್ಟಿಸಿದಂತಾಗುತ್ತದೆ.

‘ಬರೆ’ ಧಾತುವಿನೊಡನೆ ಇದು ಸೇರಿದಾಗ ಅರ್ಥವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ‘ಮಿಗೆ ಬರೆದಂ’ ಎಂದರೆ ಬರೆದ ಕೆಲಸವು ಸೊಗಸಾಗಿದೆಯೆಂಬ ಮೆಚ್ಚುಗೆ. ‘ಬರೆದು ಮಿಕ್ಕಂ’ ಎಂದರೆ ಬರೆದವನು ಉಳಿದವರಿಗಿಂತ ಮೇಲಾದನೆಂಬ ತೀರ್ಮಾನ. ‘ಬರೆಯೆ ಮಿಕ್ಕುದು’ ಎಂದರೆ ಬರೆದಾದ ಮೇಲೆ ಉಳಿದದ್ದು. ಧಾತುಗಳು ಎರಡೇ, ಅವುಗಳ ಸ್ಥಾನವೂ ರೂಪವೂ ಬದಲಾದಂತೆ ಹೊಗಳಿಕೆಯು ಚಿತ್ರದಿಂದ ಚಿತ್ರಕಾರನಿಗೂ, ಅಲ್ಲಿಂದ ಚಿತ್ರಕ್ಕೆ ಸಿಲುಕದ ವಸ್ತುವಿಗೂ ಸರಿಯುತ್ತದೆ. ಇದರ ಜೊತೆಗೆ ಛಂದಸ್ಸಿನ ಅನುಕೂಲವನ್ನೂ ಮರೆಯಬಾರದು. ‘ಮಿಗೆ’ ಎಂಬುದು ಎರಡು ಲಘುಗಳ ಪುಟ್ಟ ಪದ. ಕಂದದಲ್ಲಿಯೂ ವೃತ್ತದಲ್ಲಿಯೂ ಅದಕ್ಕೆ ಸುಲಭವಾಗಿ ಎಡೆ ದೊರೆಯುತ್ತದೆ. ಅದು ಬಂದಲ್ಲೆಲ್ಲ ಕವಿ ವಿಶೇಷವಾದ ತೀರ್ಪನ್ನು ಕೊಟ್ಟನೆಂದು ತಿಳಿಯಬೇಕಾಗಿಲ್ಲ.

ನಿಜವಾದ ತೊಡಕಿರುವುದು ‘ಮಿಕ್ಕ’ ಎಂಬ ಕೃದಂತದಲ್ಲಿ. ‘ಮಿಕ್ಕ ಚಿತ್ರಕರ್’ ಎಂದಾಗ ಅವರು ಯಾರು? ಅತಿಶಯರಾದ ಚಿತ್ರಕಾರರೋ, ಉಳಿದ ಚಿತ್ರಕಾರರೋ? ‘ಮಿಕ್ಕ ಚಿತ್ರಕರಂ ಮಿಕ್ಕಂ’ ಎಂಬ ವಾಕ್ಯವನ್ನು ಕಲ್ಪಿಸಿಕೊಳ್ಳಿರಿ. ಒಂದು ಓದಿನಲ್ಲಿ ಆತನು ಹೆಸರಾಂತ ಕಲಾವಿದರನ್ನೂ ಮೀರಿದ ಮಹಾಕಲಾವಿದ. ಮತ್ತೊಂದು ಓದಿನಲ್ಲಿ ತನ್ನನ್ನು ಬಿಟ್ಟು ಉಳಿದವರಿಗಿಂತ ಮುಂದಿದ್ದವನು, ಅಷ್ಟೆ. ಮೊದಲ ಓದನ್ನು ಹಿಡಿದರೆ ಆ ಕಾಲದಲ್ಲಿ ಹೆಸರಾಂತ ಚಿತ್ರಕಾರರ ಒಂದು ವರ್ಗವೇ ಇತ್ತೆಂಬ ಚಾರಿತ್ರಿಕ ಹೇಳಿಕೆ ಹುಟ್ಟುತ್ತದೆ. ಎರಡನೆಯ ಓದಿನಲ್ಲಿ ಅದಕ್ಕೆ ಆಧಾರವೇ ಇಲ್ಲ. ಒಂದು ಕೃದಂತದ ಮೇಲೆ ಒಂದು ಕಲಾಪರಂಪರೆಯ ಅಸ್ತಿತ್ವವು ನಿಲ್ಲುವುದೂ ಬೀಳುವುದೂ ಹೀಗೆ. ಇಂಥ ಕಡೆ ನಿಘಂಟು ಎರಡೂ ಅರ್ಥಗಳನ್ನು ಮುಂದಿಡಬಲ್ಲುದು, ಆಯ್ದುಕೊಡಲಾರದು. ಸಂದರ್ಭವೇ ಆಯಬೇಕು: ಒಬ್ಬನ ಹೆಸರು ಮೊದಲು ಬಂದು, ಆ ಬಳಿಕ ‘ಮಿಕ್ಕ’ ಬಂದರೆ ಸಾಮಾನ್ಯವಾಗಿ ಶೇಷಾರ್ಥವೇ ಸಹಜ, ಹಿಂದೆ ಯಾರ ಹೆಸರೂ ಇಲ್ಲದೆ, ಗುಣವನ್ನು ಹೇಳುವ ಇತರ ವಿಶೇಷಣಗಳ ನಡುವೆ ಬಂದರೆ ಅತಿಶಯಾರ್ಥವು ಸಹಜ.

ಇನ್ನು ಗೆಲ್ ಮತ್ತು ಏೞಿಸು. ಇವೆರಡೂ ಮಿಗುವಿಗಿಂತ ಬಿರುಸಾದ ಕ್ರಿಯೆಗಳು. ಗೆಲ್ಲಬೇಕಾದರೆ ಸೋಲುವವನು ಬೇಕು. ಏೞಿಸಬೇಕಾದರೆ ಹೀಯಾಳಿಕೆಗೆ ಗುರಿಯಾಗುವವನು ಬೇಕು. ಆದರೆ ಕಾವ್ಯದಲ್ಲಿ ಇವು ಬಂದೊಡನೆ ಸ್ಪರ್ಧೆ ನಡೆಯಿತೆಂದು ತಿಳಿಯುವುದು ಸರಿಯಲ್ಲ. ದಂಡಿಯು ಕಾವ್ಯಾದರ್ಶದ ಉಪಮಾಪ್ರಕರಣದಲ್ಲಿ ಸಾದೃಶ್ಯವನ್ನು ಸೂಚಿಸುವ ಪದಗಳನ್ನು ಎಣಿಸುವಾಗ ‘ಇವ’, ‘ವತ್’ ಮೊದಲಾದವುಗಳ ಜೊತೆಯಲ್ಲಿಯೇ ಸ್ಪರ್ಧಿಸುವ, ಜಯಿಸುವ, ದ್ವೇಷಿಸುವ, ನಗುವ, ಅಣಕಿಸುವ, ಅಸೂಯೆಪಡುವ ಅರ್ಥದ ಕ್ರಿಯಾಪದಗಳನ್ನೂ ಸೇರಿಸಿದ್ದಾನೆ. ಮುಖವು ಚಂದ್ರನನ್ನು ಗೆದ್ದಿತೆಂದರೆ ಯುದ್ಧವಾಗಲಿಲ್ಲ, ಹೋಲಿಕೆಯಾಯಿತು. 9ನೆಯ ಶತಮಾನದ ಕವಿರಾಜಮಾರ್ಗವು ಕಾವ್ಯಾದರ್ಶಕ್ಕೆ ಬಹುವಾಗಿ ಋಣಿಯಾದ ಗ್ರಂಥ. ಆ ಮೂಲಕ ಈ ಅಲಂಕಾರದೃಷ್ಟಿಯು ಕನ್ನಡ ಕವಿಗಳಿಗೆ ಆರಂಭದಿಂದಲೇ ಪರಿಚಿತವಾಗಿತ್ತು. ಹಾಗಾಗಿ ಚಿತ್ರವೊಂದು ನಿಸರ್ಗವನ್ನು ಗೆದ್ದಿತೆಂಬ ಮಾತು ಕಾವ್ಯದಲ್ಲಿ ಬಂದರೆ ಅದನ್ನು ಮೊದಲು ಉಪಮೆಯ ಲೆಕ್ಕದಲ್ಲಿ ಇಡಬೇಕು. ಚರಿತ್ರೆಯ ಲೆಕ್ಕಕ್ಕೆ ತರುವುದು ಆಮೇಲಿನ ಮಾತು.

ಚಿತ್ರಕಾರನ ಕೆಲಸವನ್ನು ಹೇಳುವ ‘ಬರೆ’ ಧಾತುವಿನಲ್ಲಿಯೂ ಇಂಥದೇ ದ್ವಂದ್ವವಿದೆ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರವನ್ನು ‘ಬರೆಯುತ್ತಾರೆ’. ಸಂಸ್ಕೃತದ ಲಿಖ್ ಧಾತುವೂ ಹೀಗೆಯೇ: ಗೀಚು, ಅಕ್ಷರ ಬರೆ, ಚಿತ್ರ ಬರೆ ಎಂಬ ಮೂರೂ ಅರ್ಥಗಳು ಅದಕ್ಕಿವೆ, ‘ಆಲೇಖ್ಯ’ವೆಂದರೆ ಚಿತ್ರ. ಕರ್ನಾಟಕದ ಮಣ್ಣಿನಲ್ಲಿ ಈ ಧಾತುವಿಗೆ ಬಹಳ ಹಳೆಯ ಸಾಕ್ಷಿಯಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳ ಕೊನೆಯಲ್ಲಿ ಬರೆದವನು ಚಪಡನೆಂಬ ಲಿಪಿಕಾರನೆಂದಿದೆ. ಶಾಸನವು ಬ್ರಾಹ್ಮಿಯಲ್ಲಿದ್ದರೂ ತನ್ನ ವೃತ್ತಿಯ ಹೆಸರನ್ನು ಆತನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಕ್ರಿಸ್ತಪೂರ್ವ 3ನೆಯ ಶತಮಾನದ ಒಬ್ಬ ವೃತ್ತಿಪರನು, ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸುವಂತೆ ಬರೆದ ಆ ಒಂದು ಪದದಲ್ಲಿ ಮಿಗಿಲೆಂಬ ಮಾತಿಲ್ಲ; ಆದರೆ ಮಿಗುವಿಕೆಯ ಸುಳಿವಿದೆ.

ನಮ್ಮ ರಾಯಚೂರು ಸೀಮೆಯಲ್ಲಿ ಇದರ ಎದುರು ಚಿತ್ರಣವನ್ನು ಕಾಣಬಹುದು. ಸಿಂಧನೂರಿನ ಜವಳಗೇರಾ, ಲಿಂಗಸುಗೂರು, ಮಸ್ಕಿಗಳ ಸುತ್ತಿನ ಈ ನೆಲದಲ್ಲಿ ಬರೆಹವೂ ಚಿತ್ರವೂ ಬಂಡೆಯ ಮೇಲೆಯೇ ಕಾಣಿಸಿಕೊಳ್ಳುತ್ತವೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಅಶೋಕನ ಹೆಸರನ್ನೇ ಹೇಳಿ, ದೇವಾನಾಂಪ್ರಿಯನು ಯಾರೆಂಬ ಚರ್ಚೆಗೆ ತೆರೆಯೆಳೆಯಿತು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು ಉತ್ಖನನ ನಡೆಸಿ 1960ರಲ್ಲಿ ವರದಿಯನ್ನು ಪ್ರಕಟಿಸಿದರು. ಅಲ್ಲಿಯ ಬಂಡೆಗಳ ಮೇಲಿನ ವರ್ಣಚಿತ್ರಗಳೂ ಕುಟ್ಟುಚಿತ್ರಗಳೂ ಅದರಲ್ಲಿ ದಾಖಲಾದವು. ಮಸ್ಕಿಯಲ್ಲಿ ಅರಸನ ಹೆಸರು ಉಳಿಯಿತು. ಪಿಕ್ಲಿಹಾಳದಲ್ಲಿ ಗೂಳಿಗಳ ಚಿತ್ರ ಉಳಿಯಿತು, ಬರೆದವರ ಹೆಸರು ಉಳಿಯಲಿಲ್ಲ. ಚಿತ್ರಕಾರನ ಅನಾಮಿಕತೆ ಮಧ್ಯಯುಗದಲ್ಲಿ ಆರಂಭವಾದುದಲ್ಲ.

ಇದಕ್ಕೆ ವಿರುದ್ಧವಾಗಿ ಶಿಲ್ಪಿಗಳ ಲೋಕವನ್ನು ನೋಡಿರಿ. ಐಹೊಳೆಯ ಒಂದು ಕಿರುಶಾಸನವು ಮನೆ ದೇಗುಲಗಳ ನಿರ್ಮಾಣದಲ್ಲಿ ನರಸೊಬ್ಬನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಆಗುವುದಿಲ್ಲ ಎಂಬ ತಾತ್ಪರ್ಯವನ್ನು ಸಾರುತ್ತದೆ. ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ, ಇಂದು ವಿರೂಪಾಕ್ಷವೆಂದು ಹೆಸರಾದ ದೇವಾಲಯದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆಯಿತು. ಅಲ್ಲಿಯೇ ಸರ್ವಸಿದ್ಧಿ ಆಚಾರಿಯು ತೆಂಕಣ ದಿಸೆಯ ಸೂತ್ರಧಾರಿಯೆಂದು ಕೀರ್ತಿತನಾಗಿದ್ದಾನೆ. ಬೇಲೂರಿಗೆ ಬಂದರೆ ಬಳ್ಳಿಗಾವೆಯ ದಾಸೋಜನ ಮಗ ಚಾವಣನು ಬಿರುದಾಂಕಿತ ರೂವಾರಿಗಳೆಂಬ ಮದನನಿಗೆ ಮಹೇಶನಾಗಿದ್ದಾನೆ. ಶ್ರವಣಬೆಳಗೊಳದ 12ನೆಯ ಶತಮಾನದ ಮೊದಲ ಭಾಗದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಯು ‘ಬಿರುದ ರೂವಾರಿ ಮುಖತಿಲಕ’.

ಈ ಕೊನೆಯ ಎರಡು ಬಿರುದುಗಳ ಅಂತರವು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಮದನನನ್ನು ಮಹೇಶನು ಸುಟ್ಟನು. ಆದ್ದರಿಂದ ಚಾವಣನ ಬಿರುದಿನಲ್ಲಿ ಉಳಿದ ರೂವಾರಿಗಳು ಬೂದಿಯಾಗುತ್ತಾರೆ. ಇದು ‘ಗೆಲ್’ ಧಾತುವಿನ ಲೋಕ. ಮುಖಕ್ಕೆ ತಿಲಕವು ಶೋಭೆ. ಗಂಗಾಚಾರಿಯ ಬಿರುದಿನಲ್ಲಿ ಉಳಿದ ರೂವಾರಿಗಳೇ ಮುಖ, ಆತನು ಅದರ ಮೇಲಿನ ತಿಲಕ. ಅವರಿಲ್ಲದೆ ಅವನಿಗೆ ಎಡೆಯೇ ಇಲ್ಲ. ಇದು ‘ಮಿಗು’ ಧಾತುವಿನ ಲೋಕ. ಬೆಳಗೊಳದ ಜೈನ ಪರಿಸರವೇ ಇಂಥ ಸೌಮ್ಯ ಬಿರುದಿಗೆ ಕಾರಣವೆಂದು ಹೇಳುವುದು ಅವಸರದ ಮಾತಾದೀತು. ಆದರೆ ಕಲೆಯಲ್ಲಿ ಮೇಲಾಗುವುದನ್ನು ನಮ್ಮ ಹಿಂದಿನವರು ಎರಡು ರೀತಿಯಲ್ಲಿ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಈ ಎರಡು ಬಿರುದುಗಳು ಕಲ್ಲಿನ ಸಾಕ್ಷಿ: ಒಂದು ಇತರರನ್ನು ಅಳಿಸಿ ಮೇಲಾಗುವುದು, ಇನ್ನೊಂದು ಇತರರ ನಡುವೆ ಎದ್ದು ಕಾಣುವುದು.

ಶಾಸನಗಳಲ್ಲಿ ‘ಬರೆದಂ’ ಮತ್ತು ‘ಕಂಡರಿಸಿದಂ’ ಎಂಬ ಕ್ರಿಯೆಗಳು ಬೇರೆಯಾಗಿರುವುದನ್ನೂ ಗಮನಿಸಬೇಕು. ಕಲ್ಲಿನ ಮೇಲೆ ಮೊದಲು ಅಕ್ಷರದ ಗೆರೆಯನ್ನು ಎಳೆದವನು ಒಬ್ಬ, ಉಳಿಯಿಂದ ಅದನ್ನು ಕೊರೆದವನು ಮತ್ತೊಬ್ಬ. ಬರೆದವನ ಗೆರೆಯು ಕಂಡರಿಸಿದವನ ಉಳಿಯಡಿಯಲ್ಲಿ ಮರೆಯಾಗುತ್ತದೆ. ಆದರೂ ಆತನ ಹೆಸರನ್ನು ಶಾಸನವು ಎಷ್ಟೋ ವೇಳೆ ಕಾಪಾಡಿದೆ. ಭಿತ್ತಿಯ ಮೇಲೆ ಬಣ್ಣದಿಂದ ಬರೆದವನಿಗೆ ಅಂಥ ಕಂಡರಣೆಯ ನೆರವಿರಲಿಲ್ಲ.

ಹಾಗಾದರೆ ಚಿತ್ರಕಲೆಯ ಗೌರವಕ್ಕೆ ಸಾಹಿತ್ಯದಲ್ಲಿ ಎಂಥ ಸಾಕ್ಷಿಯಿದೆ? ಜೈನ ಪುರಾಣಪರಂಪರೆಯು ಇಲ್ಲಿ ಬಹಳ ಸಮೃದ್ಧವಾಗಿದೆ. ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ವಿವರಿಸುವಾಗ ಶಿಲ್ಪವೆಂದರೆ ಕೈಯ ಕೌಶಲವೆಂದು ಹೇಳಿ, ಅದಕ್ಕೆ ಮೊದಲ ಉದಾಹರಣೆಯಾಗಿ ಚಿತ್ರಕಲೆಯನ್ನು ಹೆಸರಿಸುತ್ತಾರೆ. ವೃಷಭನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಕಥೆ ಎಲ್ಲರಿಗೂ ತಿಳಿದಿದೆ. ಅನಂತವಿಜಯನೆಂಬ ಮಗನಿಗೆ ಚಿತ್ರವಿದ್ಯೆಯನ್ನು ಉಪದೇಶಿಸಿದ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ಆದಿತೀರ್ಥಂಕರನೇ ಉಪದೇಶಿಸಿದ ವಿದ್ಯೆಗಳ ಸಾಲಿನಲ್ಲಿ ಚಿತ್ರಕ್ಕೆ ಸ್ಥಾನವಿದೆಯೆಂಬುದು ಸಣ್ಣ ಮಾತಲ್ಲ.

ಇದೇ ಪುರಾಣದಲ್ಲಿ, ಅದನ್ನು ಅನುಸರಿಸಿ 10ನೆಯ ಶತಮಾನದಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿ ಬರುವ ಶ್ರೀಮತಿಯ ಚಿತ್ರಪಟದ ಕಥೆಯು ನಮ್ಮ ಧಾತುವಿನ ಎರಡು ಮುಖಗಳನ್ನೂ ಒಟ್ಟಿಗೆ ತೋರಿಸುತ್ತದೆ. ಹಿಂದಿನ ಭವದಲ್ಲಿ ಸ್ವಯಂಪ್ರಭೆಯಾಗಿದ್ದ ಶ್ರೀಮತಿಗೆ ತನ್ನ ವಲ್ಲಭ ಲಲಿತಾಂಗದೇವನ ಸ್ಮರಣೆಯುಂಟಾಗುತ್ತದೆ. ಅವನು ಈಗ ಎಲ್ಲಿ ಹುಟ್ಟಿದ್ದಾನೆಂದು ತಿಳಿಯಲು ಪೂರ್ವಭವದ ವೃತ್ತಾಂತವನ್ನು ಪಟದಲ್ಲಿ ಬರೆದು ದಾದಿ ಪಂಡಿತೆಯ ಕೈಗೆ ಕೊಡುತ್ತಾಳೆ. ಪಂಡಿತೆಯು ಅದನ್ನು ಮಹಾಪೂತ ಜಿನಾಲಯದಲ್ಲಿ ಹರಡಿ ಕುಳಿತುಕೊಳ್ಳುತ್ತಾಳೆ. ವಾಸವ, ದುರ್ದಾಂತರೆಂಬವರು ಬಂದು ತಾವೇ ಅದನ್ನು ಬಲ್ಲೆವೆನ್ನುತ್ತಾರೆ. ಕಣ್ಣಿಗೆ ಕಂಡದ್ದನ್ನು ಹೇಳಿದ ಅವರಿಗೆ ಪಟದ ಗೂಢವನ್ನು ಕೇಳಿದಾಗ ಉತ್ತರ ಬಾರದೆ ನಾಚಿಕೆಯಾಗುತ್ತದೆ. ಕೊನೆಗೆ ವಜ್ರಜಂಘನು ಬಂದು, ಪಟವನ್ನು ಕಂಡು, ಜಾತಿಸ್ಮರಣೆಯಿಂದ ಮೂರ್ಛಿತನಾಗುತ್ತಾನೆ.

ಇಲ್ಲಿ ಮಿಕ್ಕವರು ಯಾರು, ಮಿಕ್ಕದ್ದು ಯಾವುದು? ಚಿತ್ರವನ್ನು ಎಲ್ಲರೂ ನೋಡಬಹುದು. ನೋಡಿದ ಮೇಲೆ ಇನ್ನೂ ಏನೋ ಉಳಿಯುತ್ತದೆ. ಆ ಉಳಿಕೆಯನ್ನು ಬಲ್ಲವನೇ ಉಳಿದವರಿಗಿಂತ ಮಿಗಿಲು. ಶ್ರೀಮತಿಯ ಕೌಶಲವೂ ಅಲ್ಲಿಯೇ ಇದೆ: ಎಲ್ಲವನ್ನೂ ಕಾಣುವಂತೆ ಬರೆದಿದ್ದರೆ ಸುಳ್ಳುಗಾರನೂ ಗೆಲ್ಲುತ್ತಿದ್ದನು. ಗೂಢವನ್ನು ಉಳಿಸಿ ಬರೆದದ್ದರಿಂದಲೇ ಪಟವು ಒರೆಗಲ್ಲಾಯಿತು. ಚಿತ್ರದಲ್ಲಿ ಮಿಗುವುದೆಂದರೆ ಬಣ್ಣದ ಅಥವಾ ರೇಖೆಯ ಹೆಚ್ಚಳವಲ್ಲ, ನೋಟಕ್ಕೆ ಮುಗಿಯದ ಅರ್ಥವನ್ನು ಅದರಲ್ಲಿ ಇರಿಸುವುದು ಎಂಬ ಕಲಾತತ್ತ್ವವು ಈ ಕಥೆಯ ಒಡಲಿನಲ್ಲಿದೆ. ಮಿಗು ಧಾತುವಿನ ಶೇಷಾರ್ಥವೂ ಅತಿಶಯಾರ್ಥವೂ ಬೇರೆಬೇರೆಯಲ್ಲವೆಂದು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಕಾಣುವುದು ಕಷ್ಟ.

ಕಾವ್ಯದ ಮಾತು ಹೀಗಿರಲಿ. ಭಿತ್ತಿಯಲ್ಲಿಯೂ ಓಲೆಯಲ್ಲಿಯೂ ಮಿಕ್ಕದ್ದೇನು? ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಾಸಿದ ವರ್ಣಚಿತ್ರಗಳ ತುಣುಕುಗಳಿವೆ. ಎಲ್ಲೋರದ ಜೈನ ಗುಹೆಗಳ ಮಾಳಿಗೆಯಲ್ಲಿ ರಾಷ್ಟ್ರಕೂಟಕಾಲದ ಚಿತ್ರಗಳು ಉಳಿದಿವೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯು ಕಾಪಾಡಿಕೊಂಡು ಬಂದ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳಲ್ಲಿ ಹೊಯ್ಸಳಕಾಲದ ಪುಟ್ಟ ವರ್ಣಚಿತ್ರಗಳಿವೆ. ಹಳಗನ್ನಡ ಲಿಪಿಯ ಅಕ್ಷರಗಳ ಪಕ್ಕದಲ್ಲಿಯೇ ಜಿನಬಿಂಬಗಳೂ ಯಕ್ಷಿಯರೂ ಭಕ್ತರೂ ಇರುವ ಆ ಓಲೆಗಳಲ್ಲಿ ‘ಬರೆ’ ಧಾತುವಿನ ಎರಡು ಅರ್ಥಗಳು ಒಂದೇ ಗರಿಯ ಮೇಲೆ ಕೂಡಿವೆ. ಗ್ರಂಥದ ಕರ್ತೃಗಳನ್ನು ನಾವು ಬಲ್ಲೆವು. ಧವಲೆಯನ್ನು ರಚಿಸಿದ ವೀರಸೇನಾಚಾರ್ಯರ ಹೆಸರು ಜೈನಲೋಕಕ್ಕೆಲ್ಲ ಪರಿಚಿತ. ಆ ಚಿತ್ರಗಳಾದರೋ ಅನಾಮಿಕ ಕೈಗಳ ಕೆಲಸವೆಂದೇ ಚರ್ಚಿತವಾಗುತ್ತ ಬಂದಿವೆ. ತುಂಗಭದ್ರೆಯ ಈಚೆಗೆ, ಕೊಪ್ಪಳದ ಬಳಿಯ ಕಿನ್ನಾಳದಲ್ಲಿ, ಚಿತ್ರಗಾರರೆಂಬ ಮನೆತನಗಳು ಇಂದಿಗೂ ಮರದ ಮೂರ್ತಿಗಳಿಗೆ ಬಣ್ಣ ಬರೆಯುತ್ತವೆ. ಅಲ್ಲಿಯೂ ಉಳಿದಿರುವುದು ವೃತ್ತಿಯ ಹೆಸರು. ಹಳಬರಲ್ಲಿ ಒಬ್ಬೊಬ್ಬರ ಹೆಸರಲ್ಲ.

ಆದುದರಿಂದ ಕಾವ್ಯದಲ್ಲಿ ಚಿತ್ರಕಾರನ ಸುದ್ದಿ ಬಂದಾಗ ಸಂಶೋಧಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಮಿಗು ಧಾತುವಿನೊಡನೆ ದ್ವಿತೀಯೆ ಇದೆಯೇ, ಸಪ್ತಮಿ ಮಾತ್ರ ಇದೆಯೇ? ‘ಮಿಕ್ಕ’ ಎಂಬುದು ಅತಿಶಯವೋ ಶೇಷವೋ? ಹೊಗಳಿಕೆಯು ವ್ಯಕ್ತಿಯದೋ, ಉಪಮೆಯ ಅಂಗವೋ? ದ್ವಿತೀಯೆಯೂ ಇದ್ದು, ಅತಿಶಯಾರ್ಥವೂ ಸಿದ್ಧವಾಗಿ, ಉಪಮೆಯ ಹಂಗೂ ಇಲ್ಲದಿದ್ದರೆ ಮಾತ್ರ ಅಲ್ಲಿ ಚಿತ್ರಕಾರರ ಒಂದು ಸಮುದಾಯವೂ ಅದರಲ್ಲಿ ಒಬ್ಬ ಮೇಲುಗೈಯವನೂ ಇದ್ದರೆಂದು ಧೈರ್ಯವಾಗಿ ಹೇಳಬಹುದು. ಈ ಎಚ್ಚರದಿಂದ ಕೆಲವು ಮಹಾಚಿತ್ರಕಾರರು ನಮ್ಮ ಚರಿತ್ರೆಯಿಂದ ಮರೆಯಾದರೂ ಆಗಬಹುದು. ಅದರಿಂದ ನಷ್ಟವಿಲ್ಲ. ‘ಮಿಕ್ಕ’ ಎಂಬುದನ್ನು ‘ಉಳಿದ’ ಎಂದು ಸರಿಯಾಗಿ ಓದಿದ ಕಡೆಗಳಲ್ಲಿ ನಮಗೆ ದೊರೆಯುವುದು ಬೇರೊಂದು ಸಂಪತ್ತು: ಒಬ್ಬ ಮೇಲಾದವನ ಸುತ್ತ ಹೆಸರಿಲ್ಲದೆ ಕೆಲಸ ಮಾಡುತ್ತಿದ್ದ ಬಹುಮಂದಿ ಚಿತ್ರಕಾರರ ಇರವು. ಬಾದಾಮಿಯ ಭಿತ್ತಿಯನ್ನೂ ಮೂಡುಬಿದಿರೆಯ ಓಲೆಯನ್ನೂ ನಮಗೆ ಉಳಿಸಿಕೊಟ್ಟವರು ಆ ಮಿಕ್ಕವರೇ.